ಕೂದಲು ಕಸಿಯ ಖರ್ಚಿಗೆ ತೆರಿಗೆ ವಿನಾಯಿತಿ ಇದೆಯೇ? ಸಹೋದ್ಯೋಗಿಯ ತಮಾಷೆಗೆ ಏನು ಹೇಳಬೇಕು?

ಜುಲೈ ಬಂತೆಂದರೆ ನಿಮ್ಮ ಕಚೇರಿಯಲ್ಲಿ ಒಬ್ಬರು "ಉದುರಿದ ಕೂದಲಿಗೂ ಸವಕಳಿ ತೋರಿಸಿ ಸಾರ್, ತೆರಿಗೆ ಉಳಿಯುತ್ತದೆ" ಎಂದು ಎಲ್ಲರೆದುರು ನಗಿಸುತ್ತಾರೆಂದು ಬರೆದಿದ್ದೀರಿ. ನಿಮಗಿನ್ನೂ ಮೂವತ್ತಾರು ವರ್ಷ. ಕಸಿ ಮಾಡಿಸಿದರೆ ಆ ಖರ್ಚಿಗೆ ನಿಜಕ್ಕೂ ವಿನಾಯಿತಿ ಸಿಗುತ್ತದೆಯೇ, ಈ ತಮಾಷೆಗೆ ನಕ್ಕು ಸುಮ್ಮನಿರಬೇಕೇ ಎಂಬುದು ನಿಮ್ಮ ಪ್ರಶ್ನೆ. ದಾವಣಗೆರೆಯಲ್ಲಿ ಹದಿನೆಂಟು ವರ್ಷಗಳಿಂದ ರಿಟರ್ನ್ ಸಲ್ಲಿಸಿಕೊಡುವ ಕೆಲಸದಲ್ಲಿರುವ ನನ್ನ ಮುಂದೆ ಈ ಎರಡೂ ಪ್ರಶ್ನೆಗಳು ಬಂದದ್ದುಂಟು.

ಮೊದಲು ಲೆಕ್ಕದ ಮಾತು. ಸವಕಳಿ, ಅಂದರೆ ಬಳಸಿ ಸವೆದು ಬೆಲೆ ಇಳಿದದ್ದಕ್ಕೆ ಲೆಕ್ಕದಲ್ಲಿ ಸಿಗುವ ಕಡಿತ, ಎಂಬುದು ವ್ಯಾಪಾರಕ್ಕೋ ವೃತ್ತಿಗೋ ಬಳಸುವ ಕಟ್ಟಡ, ಯಂತ್ರ, ವಾಹನಗಳಂಥ ಆಸ್ತಿಗೆ ಸಿಗುವಂಥದ್ದು. ಸಂಬಳದಾರರ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಆದಾಯ ತೆರಿಗೆ ಕಾನೂನು (1961ರ ಕಾಯ್ದೆಯಲ್ಲಿ ಇದು 80ಡಿ ಕಲಮು), ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ, ಆರೋಗ್ಯ ವಿಮೆಯ ಕಂತಿಗೆ ಮತ್ತು 5,000 ರೂಪಾಯಿವರೆಗಿನ ಆರೋಗ್ಯ ತಪಾಸಣೆಗೆ ಕಡಿತ ಕೊಡುತ್ತದೆಯೇ ಹೊರತು ನಿಮ್ಮ ವಯಸ್ಸಿನವರ ಚಿಕಿತ್ಸೆಯ ಬಿಲ್ಲಿಗೆ ಕೊಡುವುದಿಲ್ಲ. ಆದ್ದರಿಂದ ಕಸಿಯ ಖರ್ಚು ಪೂರ್ತಿ ನಿಮ್ಮ ಕೈಯಿಂದಲೇ ಹೋಗುತ್ತದೆ. ಅದರ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. 2017ರ ಅಧಿಸೂಚನೆಯು ಆಸ್ಪತ್ರೆಯ ಸೇವೆಗಳಿಗೆ ವಿನಾಯಿತಿ ಕೊಡುವಾಗ ಕೂದಲು ಕಸಿಯನ್ನು ಹೆಸರು ಹಿಡಿದು ಹೊರಗಿಟ್ಟಿರುವುದರಿಂದ, ಒಂದು ಲಕ್ಷದ ಬಿಲ್ಲಿಗೆ ಶೇ 18ರಂತೆ ಹದಿನೆಂಟು ಸಾವಿರ ಸೇರುತ್ತದೆ. ಆದರೆ ಹುಟ್ಟಿನಿಂದ ಬಂದ ಊನ, ಬೆಳವಣಿಗೆಯ ದೋಷ, ಗಾಯ ಅಥವಾ ಆಘಾತದಿಂದ ಕೆಟ್ಟದ್ದನ್ನು ಸರಿಪಡಿಸುವುದಾದರೆ ಆ ತೆರಿಗೆ ಇಲ್ಲ. ಕೂದಲು ಏಕೆ ಹೋಯಿತು ಎಂಬುದನ್ನು ಕಾನೂನು ಕೇಳುತ್ತದೆ. ತಮಾಷೆ ಮಾಡುವವರು ಕೇಳುವುದಿಲ್ಲ. ನನ್ನ ಆಕ್ಷೇಪವಿರುವುದು ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ, ಗಡುವಿಗೆ ಎರಡು ದಿನವಿದ್ದಾಗ, ಒಬ್ಬ ಶಿಕ್ಷಕಿ ತಲೆಯ ತುಂಬ ಸೆರಗು ಹೊದ್ದು ನನ್ನ ಕಚೇರಿಗೆ ಬಂದರು. ಫ್ಯಾನಿನ ಗಾಳಿಗೆ ಸೆರಗು ಜಾರಿತು. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದವರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, "ಇಲಾಖೆಯವರು ನಿಮ್ಮ ತಲೆಯನ್ನೂ ಬೋಳಿಸಿಬಿಟ್ಟರೇ ಮೇಡಂ?" ಎಂದರು. ಆಕೆ ಉತ್ತರ ಕೊಡಲಿಲ್ಲ. ಬಟ್ಟೆಯ ಚೀಲದಿಂದ ಕ್ಯಾನ್ಸರ್ ತಜ್ಞರ ಚೀಟಿ ತೆಗೆದು, ಮಡಿಕೆ ಬಿಡಿಸಿ, ಸಂಬಳದಲ್ಲಿ ಮುರಿದ ತೆರಿಗೆಯ ಪ್ರಮಾಣಪತ್ರವಾದ ಫಾರ್ಮ್ 16ರ ಪಕ್ಕಕ್ಕಿಟ್ಟರು. ಕ್ಯಾನ್ಸರಿನಂಥ ಕೆಲವು ಕಾಯಿಲೆಗಳ ಚಿಕಿತ್ಸೆಯ ಖರ್ಚಿಗೆಂದೇ ಇದ್ದ 80ಡಿಡಿಬಿ ಕಲಮಿನಡಿ ಅವರಿಗೆ 40,000 ರೂಪಾಯಿವರೆಗೆ ಕಡಿತವಿತ್ತು, ತೋರಿಸಿದೆ. ನಾನು ಟೈಪು ಮಾಡಿ ಮುಗಿಸುವವರೆಗೂ ಬೆಂಚಿನ ಮೇಲಿದ್ದವರು ತಲೆ ಎತ್ತಲಿಲ್ಲ. ಆಕೆ ಹೊರಡುವಾಗ ಎದ್ದು ನಿಂತು "ತಪ್ಪಾಯಿತಮ್ಮ" ಎಂದರು.

ತೆರಿಗೆಯ ಬಗ್ಗೆ ಜನ ನಗಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ. 'ತಲೆ ಬೋಳಿಸು' ಎಂದರೆ ಹಣ ಕಿತ್ತುಕೊಳ್ಳುವುದು ಎಂಬ ಅರ್ಥ ನಮ್ಮ ಭಾಷೆಯಲ್ಲೇ ಇದೆ, ಮತ್ತು ತೆರಿಗೆಯನ್ನು ಎಲ್ಲರೂ ಕಟ್ಟುವುದರಿಂದ ಆ ನಗೆಯಲ್ಲಿ ಎಲ್ಲರಿಗೂ ಪಾಲಿದೆ. ಆದರೆ ಹತ್ತು ಜನರ ನಡುವೆ ಒಂದೇ ತಲೆಗೆ ಬೊಟ್ಟು ಮಾಡಿ ನಕ್ಕಾಗ ಉಳಿದ ಒಂಬತ್ತು ಜನರಿಗೆ ಅದರಿಂದ ಏನೂ ಕಳೆಯುವುದಿಲ್ಲ. 2022ರಲ್ಲಿ ಇಂಗ್ಲೆಂಡಿನ ಉದ್ಯೋಗ ನ್ಯಾಯಮಂಡಳಿಯೊಂದು, ಕೆಲಸಗಾರನೊಬ್ಬನನ್ನು ಬೋಳು ಎಂಬ ಪದ ಸೇರಿಸಿ ಬೈದದ್ದನ್ನು ಲಿಂಗಸಂಬಂಧಿ ಕಿರುಕುಳವೆಂದು ತೀರ್ಮಾನಿಸಿತು. ಆ ತೀರ್ಪು ನಮಗೆ ಅನ್ವಯಿಸದಿದ್ದರೂ ಇದು ಸಣ್ಣ ವಿಷಯವಲ್ಲ ಎಂದು ನಂಬಿರುವವರು ನೀವೊಬ್ಬರೇ ಅಲ್ಲ.

ನಕ್ಕು ಸುಮ್ಮನಿರಬೇಡಿ. ಎಲ್ಲರೆದುರು ಅಲ್ಲ, ಊಟದ ವೇಳೆಯಲ್ಲಿ ಅವರನ್ನೊಬ್ಬರನ್ನೇ ಕರೆದು, "ತೆರಿಗೆಯ ಮಾತಾಡಿ, ನನ್ನ ಕೂದಲಿನ ಮಾತು ಬೇಡ, ನೋವಾಗುತ್ತದೆ" ಎಂದು ನೇರವಾಗಿ ಹೇಳಿ. ಇನ್ನು ಕಸಿಗೆ ಮನಸ್ಸು ಮಾಡಿದ್ದರೆ, ಮತ್ತು ನಿಮ್ಮ ಕೂದಲು ಹೋದದ್ದು ಸುಟ್ಟ ಗಾಯದಿಂದಲೋ ಅಪಘಾತದಿಂದಲೋ ಆಗಿದ್ದರೆ, ಬಿಲ್ಲು ಬರೆಸುವ ಮೊದಲೇ ವೈದ್ಯರಿಂದ ಕಾರಣವನ್ನು ಬರವಣಿಗೆಯಲ್ಲಿ ಪಡೆದು ಆಸ್ಪತ್ರೆಯ ಲೆಕ್ಕ ವಿಭಾಗಕ್ಕೆ ಕೊಡಿ.