ನನ್ನ ಕಾಗದ ನನಗೇ ಬಂತು

ನೀವು ಕೇಳಿದ್ದು ಇಷ್ಟು: ಎಲ್ಲರ ಕೈಯಲ್ಲೂ ವಾಟ್ಸಾಪ್ ಇರುವಾಗ ಪತ್ರಮಿತ್ರರು ಅಂತ ಇನ್ನೂ ಯಾರಾದರೂ ಇದ್ದಾರಾ, ಕೈಯಲ್ಲಿ ಕಾಗದ ಬರೆದು ಅಂಚೆಗೆ ಹಾಕೋದರಲ್ಲಿ ಅಂಥ ರುಚಿ ಏನಿದೆ, ಶುರು ಮಾಡಬೇಕು ಅಂದರೆ ಹೇಗೆ.

ಇದ್ದೇವೆ. ನಾನು ಬೀದರದವಳು, ಸಣ್ಣದೊಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳಗಿನಿಂದ ಸಂಜೆವರೆಗೆ ಮಂದಿಯ ಅರ್ಜಿ ಟೈಪ್ ಮಾಡೋದು, ಪಹಣಿ ಪ್ರಿಂಟ್ ತೆಗೆಯೋದು, ಅವರ ಫೋನಿನಲ್ಲಿ ಎಲ್ಲೋ ಅಡಗಿ ಕೂತ ಪಿಡಿಎಫ್ ಹುಡುಕಿ ಕೊಡೋದು ನನ್ನ ಕೆಲಸ. ಹಾಗಾಗಿ ಮೊಬೈಲ್ ಮೇಲೆ ನನಗೇನೂ ಸಿಟ್ಟಿಲ್ಲ, ನಮ್ಮ ಮನೆ ನಡೆಯೋದೇ ಅದರಿಂದ. ಆದರೂ 2020ರಿಂದ ಶಿರಸಿ ಕಡೆಯ ಒಬ್ಬ ನಿವೃತ್ತ ಶಿಕ್ಷಕಿಯ ಜೊತೆ ನನ್ನ ಮಾತೆಲ್ಲ ಕಾಗದದಲ್ಲೇ. ಅವರ ಕಡೆ ಟೀಚರಿಗೆ ಅಕ್ಕೋರು ಅಂತಾರೆ. ನಾನೂ ಹಾಗೇ ಕರೆಯುತ್ತೇನೆ.

ಪರಿಚಯ ಆಗಿದ್ದು ಕಲಬುರಗಿಯಲ್ಲಿ. ಆ ವರ್ಷ ಫೆಬ್ರುವರಿ 5ರಿಂದ 7ರವರೆಗೆ ಅಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇತ್ತು. ಊಟದ ಪಾಳಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸು ಖಡಕ್ ರೊಟ್ಟಿ ತಟ್ಟೆಗೆ ಬೀಳುತ್ತಲೇ ತಿರುಗಿ, "ಇದು ಹಲ್ಲಿದ್ದವರಿಗೆ ಮಾತ್ರವೋ?" ಅಂದರು. ಮುರಿದು ಪಲ್ಯದ ರಸದಲ್ಲಿ ನೆನೆಸಿ ತಿನ್ನಿ ಅಂತ ತೋರಿಸಿದೆ. ಅಲ್ಲಿಂದ ಸಂಜೆವರೆಗೂ ಪುಸ್ತಕ ಮಳಿಗೆಗಳಲ್ಲಿ ಜೊತೆಗೇ ತಿರುಗಿದೆವು. ಹೊರಡುವಾಗ ನಂಬರ್ ಕೇಳಿದೆ. ಅವರ ಮನೆಯಲ್ಲಿ ರೇಂಜ್ ಸಿಗೋದು ಕೊಟ್ಟಿಗೆ ಹಿಂದೆ ಮಾತ್ರವಂತೆ, ಅದೂ ಮಳೆ ಇಲ್ಲದಾಗ. "ಕಾಗದ ಹಾಕು" ಅಂದು ಪುಸ್ತಕದ ಬಿಲ್ಲಿನ ಹಿಂದೆ ವಿಳಾಸ ಬರೆದುಕೊಟ್ಟರು.

ಮುಂದಿನ ತಿಂಗಳೇ ಲಾಕ್‌ಡೌನ್. ಅಂಗಡಿ ಬಾಗಿಲು ಹಾಕಿತ್ತು, ಹೊತ್ತು ಹೋಗುತ್ತಿರಲಿಲ್ಲ. ಮೊದಲ ಕಾಗದವನ್ನು ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಮಾರ್ಜಿನ್ ಸರಿ ಮಾಡಿ, ಪ್ರಿಂಟ್ ತೆಗೆದು ಕಳಿಸಿದೆ. ಕೈ ಅಭ್ಯಾಸ ನೋಡಿ. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಕೊನೆಗೆ ಒಂದು ಪೋಸ್ಟ್ ಕಾರ್ಡ್ ಬಂತು. "ನಿಮ್ಮ ಅರ್ಜಿ ತಲುಪಿದೆ, ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು. ಇನ್ನು ಕಾಗದ ಬರಿ ಮಾರಾಯ್ತಿ." ಅಷ್ಟೇ ಇತ್ತು. ಅವತ್ತಿನಿಂದ ಕೈಯಲ್ಲೇ ಬರೆಯುತ್ತಿದ್ದೇನೆ.

ಇನ್ನು ರುಚಿಯ ಮಾತು. ಈ ವಿಷಯ ಬಂದರೆ ಸಾಕು, ಜನ ಕಾಯುವುದರ ಸುಖ, ಶಾಯಿಯ ಪರಿಮಳ ಅಂತ ಶುರು ಮಾಡುತ್ತಾರೆ. ಕಾಯೋದು ಸುಖ ಅನ್ನೋರು ನಿಜಕ್ಕೂ ಯಾವುದಕ್ಕೂ ಕಾದವರಲ್ಲ. ನಾನು ಬಳಸೋದು ಹತ್ತು ರೂಪಾಯಿ ಬಾಲ್‌ಪೆನ್, ಅದಕ್ಕೆ ಪರಿಮಳವೂ ಇಲ್ಲ. ಕಾಗದ ಅಂದರೆ ಏನು ಅಂತ ನನಗೆ ತಿಳಿದಿದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

ಬೀದರದ ಪಿನ್ ಕೋಡ್ 585401. ಶಿರಸಿಯದು 581401. ನೋಡಿದಿರಾ? ಮೂರನೇ ಅಂಕಿ ಒಂದೇ ವ್ಯತ್ಯಾಸ. ಪಿನ್ ಕೋಡಿನಲ್ಲಿ ಮೊದಲ ಅಂಕಿ ದೇಶದ ಯಾವ ವಲಯ ಅಂತ ಹೇಳುತ್ತದೆ, ಮೊದಲ ಮೂರು ಸೇರಿ ಕಾಗದ ಅಂಚೆಯವರ ಯಾವ ವಿಂಗಡಣೆ ಜಿಲ್ಲೆಯ ಚೀಲಕ್ಕೆ ಬೀಳಬೇಕು ಅಂತ, ಕೊನೆಯ ಮೂರು ಯಾವ ಪೋಸ್ಟ್ ಆಫೀಸು ಅಂತ. ಅಂದರೆ ಮೂರನೇ ಅಂಕಿ ತಪ್ಪಿದರೆ ಕಾಗದ ಜಿಲ್ಲೆಯನ್ನೇ ತಪ್ಪುತ್ತದೆ. (ಇದು ಜಾರಿಗೆ ಬಂದಿದ್ದು 1972ರ ಆಗಸ್ಟ್ 15ಕ್ಕೆ. ರೂಪಿಸಿದ ಅಧಿಕಾರಿ ಶ್ರೀರಾಮ್ ಭಿಕಾಜಿ ವೇಲಣಕರ್ ಸಂಸ್ಕೃತದಲ್ಲಿ ಕವಿತೆ ಬರೆಯುತ್ತಿದ್ದರು. ಅಂಕಿ ಹಚ್ಚಿದವರು ಕವಿ ಅಂತ ಗೊತ್ತಾದಾಗ ನನಗೆ ಯಾಕೋ ಖುಷಿಯಾಯಿತು.) ದಿನಕ್ಕೆ ಐವತ್ತು ಸಲ ನಮ್ಮೂರ ಪಿನ್ ಟೈಪ್ ಮಾಡುವ ಕೈ ನನ್ನದು. ಒಂದು ಸಲ ಅಕ್ಕೋರ ವಿಳಾಸಕ್ಕೂ ಅದನ್ನೇ ಬರೆದುಬಿಟ್ಟೆ.

ಹನ್ನೆರಡನೇ ದಿನ ಪೋಸ್ಟ್‌ಮನ್ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿ ನಗುತ್ತಾ ಬಂದರು. "ಅಕ್ಕಾ, ನಿಮ್ಮ ಕಾಗದ ನಿಮಗೇ ಬಂದದ ನೋಡ್ರಿ. ಪಿನ್ ನಮ್ಮೂರುದೇ ಬರ್ದೀರಿ."

ಪಿನ್ ತಿದ್ದಿ ಮತ್ತೆ ಡಬ್ಬಿಗೆ ಹಾಕಬಹುದಿತ್ತು. ಸುಮ್ನೆ ಕುತೂಹಲಕ್ಕೆ ಒಡೆದು ಓದಿದೆ. ನಾಚಿಕೆಯಾಯಿತು. ಮೊದಲ ಹಾಳೆ ಪೂರ್ತಿ ಬಸ್ ಬರಲಿಲ್ಲ, ಎರಡು ದಿನ ಕರೆಂಟ್ ಇರಲಿಲ್ಲ, ನೆಗಡಿಯಾಗಿದೆ, ಬಿಸಿಲು ಜಾಸ್ತಿ. ಹನ್ನೆರಡು ದಿನದಲ್ಲಿ ನೆಗಡಿ ಹೋಗಿ ಅದು ಬಂದಿದ್ದೇ ಮರೆತಿದ್ದೆ. ಬರೆದ ನನಗೇ ಬೇಡವಾದ ಸುದ್ದಿ ಐನೂರು ಕಿಲೋಮೀಟರ್ ಆಚೆಯವರಿಗೆ ಯಾಕೆ?

ಎರಡನೇ ಹಾಳೆಯಲ್ಲಿ ಒಬ್ಬ ಅಜ್ಜನ ಸುದ್ದಿ ಇತ್ತು. ತಿಂಗಳ ಮೊದಲ ವಾರ ತಪ್ಪದೆ ಬಂದು ತಮ್ಮ ಪಿಂಚಣಿ ಪುಸ್ತಕದ ಅದೇ ಒಂದು ಪುಟ ಜೆರಾಕ್ಸ್ ಮಾಡಿಸುತ್ತಾರೆ. ಯಾರೂ ಕೇಳಿರೋದಿಲ್ಲ. ಯಾಕಜ್ಜಾ ಅಂದರೆ, "ಇರ್ಲಿ ಬಿಡವ್ವಾ, ಸರ್ಕಾರ ಯಾವಾಗ ಏನ್ ಕೇಳ್ತದೋ" ಅಂತಾರೆ. ಅದನ್ನು ಓದಿ ನಾನೇ ನಕ್ಕೆ. ಹನ್ನೆರಡು ದಿನ ಚೀಲದಲ್ಲಿ ಸುತ್ತಿ ಬಂದರೂ ಅಜ್ಜ ಹಾಗೇ ಇದ್ದರು.

ನಮ್ಮಲ್ಲಿ ರೊಟ್ಟಿ ಎರಡು ಥರ ಅಲ್ವಾ. ಬಿಸಿ ರೊಟ್ಟಿ ಬೆಂಕಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ. ಮರುದಿನಕ್ಕೆ ಅದು ಚಲೋ ಇರೋದಿಲ್ಲ. ಖಡಕ್ ರೊಟ್ಟಿಯನ್ನು ತೆಳ್ಳಗೆ ಬಡಿದು, ನೀರಿನ ಪಸೆ ಹೋಗುವವರೆಗೆ ಕಾಯಿಸಿ ಒಣಗಿಸಿ ಇಡುತ್ತಾರೆ. ತಿಂಗಳಾದರೂ ಕೆಡುವುದಿಲ್ಲ. ವಾಟ್ಸಾಪ್ ನನಗೆ ಬಿಸಿ ರೊಟ್ಟಿ, "ಎಲ್ಲಿದ್ದೀ, ಬರುವಾಗ ಮೆಣಸಿನಕಾಯಿ ತಾ" ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಕಾಗದಕ್ಕೆ ಕೂತಾಗ ಮಾತ್ರ ಕೇಳಿಕೊಳ್ಳುತ್ತೇನೆ, ಈ ಮಾತು ಹತ್ತು ದಿನ ತಡೆಯುತ್ತದಾ? ತಡೆಯದ್ದನ್ನು ಬಿಡುತ್ತೇನೆ. ಬಿಟ್ಟ ಮೇಲೆ ಬಹಳ ಸಲ ಬರೆಯೋಕೆ ಏನೂ ಉಳಿದಿರುವುದಿಲ್ಲ. ಆಗ ಎದ್ದು ಏನಾದರೂ ನೋಡಿಕೊಂಡು ಬರಬೇಕಾಗುತ್ತದೆ. ನನ್ನ ಪಾಲಿಗೆ ಕಾಗದದ ರುಚಿ ಇರೋದು ಇಲ್ಲೇ. (ಒಂದು ಸಲ ನಿಜವಾದ ಖಡಕ್ ರೊಟ್ಟಿಯನ್ನೇ ಪಾರ್ಸೆಲ್ ಮಾಡಿದ್ದೆ. "ರೊಟ್ಟಿ ಪುಡಿ ತಲುಪಿತು, ಮಜ್ಜಿಗೆಗೆ ಹಾಕಿ ಉಂಡೆವು" ಅಂತ ಉತ್ತರ ಬಂತು.)

ಹಾಗೆ ಎದ್ದು ಹೋಗಿ ನೋಡಿದ್ದರಲ್ಲಿ ಒಂದನ್ನು ಹೇಳುತ್ತೇನೆ. ಅಕ್ಕೋರು ಒಮ್ಮೆ ಕೇಳಿದರು: ನಿಮ್ಮೂರ ಬಿದರಿ ಹೂದಾನಿಯ ಕಪ್ಪು ಬಣ್ಣ ಬಳಿದದ್ದೋ? ಹುಟ್ಟಿ ಬೆಳೆದ ಊರು, ಮದುವೆ ಮುಂಜಿಗೆ ಎಷ್ಟೋ ಬಿದರಿ ಸಾಮಾನು ಕೊಂಡಿದ್ದೇನೆ, ಆದರೆ ಉತ್ತರ ಗೊತ್ತಿರಲಿಲ್ಲ. ಫೋನಿನಲ್ಲಿ ಕೇಳಿದ್ದರೆ "ಹೂಂ, ಏನೋ ಹಚ್ಚುತ್ತಾರೆ" ಅಂದು ಮುಗಿಸುತ್ತಿದ್ದೆ. ಕಾಗದದಲ್ಲಿ ಅಷ್ಟನ್ನೇ ಬರೆಯೋಕೆ ಕೈ ಬರಲಿಲ್ಲ. ಒಂದು ಭಾನುವಾರ ಕುಶಲಕರ್ಮಿಯೊಬ್ಬರ ಅಂಗಡಿಗೆ ಹೋಗಿ ಕೂತೆ.

ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಆಗ ಅದು ಬೂದು ಬಣ್ಣ, ನೋಡೋಕೆ ಏನೇನೂ ಚೆಂದ ಇರೋದಿಲ್ಲ. ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಇಷ್ಟಾದರೂ ಬೂದು ಬಣ್ಣದ ಮೇಲೆ ಬಿಳುಪು, ಹೂವಿದೆಯೋ ಬಳ್ಳಿಯಿದೆಯೋ ಸರಿಯಾಗಿ ಕಾಣಿಸದು. ಕೊನೆಗೆ ಬರುವುದು ಕೋಟೆಯ ಮಣ್ಣು. ಬಹಳ ಕಾಲ ಮಳೆ ಬಿಸಿಲು ಸೋಕದ ಜಾಗದ ಹಳೇ ಮಣ್ಣು ಬೇಕು. ಅದನ್ನು ನವಸಾಗರದ (ಅದೊಂದು ಬಗೆಯ ಉಪ್ಪು) ಜೊತೆ ನೀರಲ್ಲಿ ಕುದಿಸಿ ಹಚ್ಚಿದರೆ ಸತು ಕರ್ರಗಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ನನ್ನ ಕಣ್ಣ ಮುಂದೆಯೇ ಒಂದು ಸಣ್ಣ ಡಬ್ಬಿಯ ಮುಚ್ಚಳ ಕಪ್ಪಾಗಿ, ಬಳ್ಳಿ ಎದ್ದು ಬಂತು. ಮಣ್ಣು ಸರಿಯಾದದ್ದು ಅಂತ ಹೇಗೆ ಗೊತ್ತಾಗುತ್ತದೆ ಅಂದೆ. ಅವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಇದು ಕೈಗಿ ತಿಳಿಯಲ್ಲರಿ, ನಾಲಿಗಿಗೇ ತಿಳೀಬೇಕು" ಅಂದರು. ನನಗೂ ಒಂದು ಚಿಟಿಕೆ ಕೊಟ್ಟರು. ಉಪ್ಪುಪ್ಪು, ಸ್ವಲ್ಪ ಒಗರು. ಮನೆಗೆ ಬಂದು ಆ ಒಗರು ನಾಲಿಗೆಯಲ್ಲಿ ಇರುವಾಗಲೇ ಬರೆದೆ. ನಾಲ್ಕು ಹಾಳೆ ಆಯಿತು.

ಅದಕ್ಕೆ ಬದಲಾಗಿ ಅವರಿಂದ ಅಡಿಕೆಯ ಕೊಳೆ ರೋಗದ ಮೇಲೆ ಐದು ಪುಟ ಬಂತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡೋದು, ಮಳೆ ಹೊಳವಾದ ಗಳಿಗೆ ನೋಡಿ ಮರ ಹತ್ತಿ ಹೊಡೆಯೋದು, ಹಿಂದೆ ಔಷಧಿಯ ಬದಲು ಅಡಿಕೆಯ ಒಂದೊಂದು ಗೊಂಚಲಿಗೂ ಮಳೆ ತಾಗದ ಹಾಗೆ ಕೊಟ್ಟೆ ಅನ್ನೋ ಹೊದಿಕೆ ಕಟ್ಟುತ್ತಿದ್ದುದು. ನಮ್ಮ ಒಣ ನೆಲದಲ್ಲಿ ಕೂತು ನಾನು ಅದನ್ನು ಕತೆಯಂತೆ ಓದಿದೆ. ಒಂದು ಸಾಲಿನ ನಡುವೆ ನೀಲಿ ಶಾಯಿ ನಿಂತು, ಅದೇ ಸಾಲು ಕಪ್ಪು ಶಾಯಿಯಲ್ಲಿ ಮುಂದುವರಿದಿತ್ತು. ಯಾಕೆ ಅಂತ ಅವರು ಬರೆದಿರಲಿಲ್ಲ. ನಾನು ಕೇಳಿ, ಅವರು ಉತ್ತರಿಸುವ ಹೊತ್ತಿಗೆ ಮೂರು ವಾರ ಆಗಿತ್ತು: ಅಷ್ಟರಲ್ಲಿ ಹಸು ಕರು ಹಾಕಿತ್ತಂತೆ, ಎದ್ದು ಓಡಿದವರು ಮರುದಿನ ಬೇರೆ ಪೆನ್ ಹಿಡಿದು ಕೂತಿದ್ದರು. ಟೈಪ್ ಮಾಡಿದ್ದರೆ ಆ ಕರು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಹಾಗಂತ ಕೈಯಲ್ಲಿ ಬರೆದದ್ದೆಲ್ಲ ಸತ್ಯ ಅಂತ ತಿಳಿಯಬೇಡಿ. ಈ ಮಾತನ್ನು ಬೀದರದವರು ಬೇರೆಯವರಿಂದ ಕಲಿಯಬೇಕಿಲ್ಲ. ಇಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್ ದೊಡ್ಡ ಕಾಗದ ಬರಹಗಾರ. ಹೇರಾತಿನ ಕವಿ ಜಾಮಿಗೆ, ಆಟೋಮನ್ ಸುಲ್ತಾನನಿಗೆ ಪಾರ್ಸಿಯಲ್ಲಿ ಪತ್ರ ಬರೆಯುತ್ತಿದ್ದ. ಪತ್ರ ಹೇಗೆ ಬರೆಯಬೇಕು ಅಂತಲೇ ಒಂದು ಗ್ರಂಥ ಬರೆದಿದ್ದಾನೆ. ಅಂಥವನ ತಲೆ ಹೋಗಿದ್ದೂ ಒಂದು ಸುಳ್ಳು ಪತ್ರದಿಂದ. ಆಗದವರು ಅವನ ಮೊಹರು ಬಿದ್ದ ಖಾಲಿ ಕಾಗದ ಸಂಪಾದಿಸಿ, ಒಡಿಶಾದ ರಾಜನಿಗೆ ಅವನೇ ಬರೆದಂತೆ ದ್ರೋಹದ ಮಾತು ತುಂಬಿದರು. ಸುಲ್ತಾನ ವಿಚಾರಿಸದೆ 1481ರಲ್ಲಿ ಕೊಲ್ಲಿಸಿದ. ಇದನ್ನು ಬರೆದಾಗ ಅಕ್ಕೋರು ಕೇಳಿದ್ದು, "ಖಾಲಿ ಕಾಗದಕ್ಕೆ ಮೊಹರು ಒತ್ತಿದ ಗುಮಾಸ್ತ ಯಾರು?" ಮೇಷ್ಟ್ರ ಬುದ್ಧಿ.

ಶುರು ಮಾಡೋದು ಹೇಗೆ ಅಂದಿರಿ. ಖರ್ಚು ಬಹಳ ಇಲ್ಲ. ಪೋಸ್ಟ್ ಕಾರ್ಡಿಗೆ 50 ಪೈಸೆ, ಇನ್‌ಲ್ಯಾಂಡಿಗೆ ಎರಡೂವರೆ ರೂಪಾಯಿ, ಲಕೋಟೆಗೆ 20 ಗ್ರಾಂವರೆಗೆ 5 ರೂಪಾಯಿ. ಜೆರಾಕ್ಸಿನ ಎ4 ಹಾಳೆ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ಆದರೆ ಒಂದಕ್ಕೆ 5 ಗ್ರಾಂ ತೂಗುತ್ತದೆ, ಹಾಗಾಗಿ ಮೂರು ಹಾಳೆಗೆ ನಿಲ್ಲಿಸಿ. ತೂಕ ಹೆಚ್ಚಾಗಿ, ಅಂಚೆ ಚೀಟಿ ಕಡಿಮೆ ಹಚ್ಚಿದ್ದರೆ ಬಾಕಿಯ ದುಪ್ಪಟ್ಟನ್ನು ಕಾಗದ ಪಡೆದವರ ಕೈಯಿಂದ ವಸೂಲಿ ಮಾಡುತ್ತಾರೆ. ನನ್ನ ಬಿದರಿಯ ನಾಲ್ಕು ಹಾಳೆಗೆ ಅಕ್ಕೋರು ಹಾಗೆ ದುಡ್ಡು ಕಟ್ಟಿ, "ಓದಲಿಕ್ಕೆ ಟಿಕೆಟ್ ತೆಗೆದೆ" ಅಂತ ಬರೆದಿದ್ದರು. ಮಲೆನಾಡಿಗೆ ಮಳೆಗಾಲದಲ್ಲಿ ಜೆಲ್ ಪೆನ್ ಬೇಡವೇ ಬೇಡ, ತೇವಕ್ಕೆ ಅಕ್ಷರ ಕಲಸುತ್ತದೆ. ತುಕ್ಕು ಹಿಡಿದ ಡಬ್ಬಿಗಿಂತ ಪೋಸ್ಟ್ ಆಫೀಸಿನ ಕಿಂಡಿಯೇ ವಾಸಿ.

ಮಿತ್ರರು ಎಲ್ಲಿ ಸಿಗುತ್ತಾರೆ ಅನ್ನೋದು ಕಷ್ಟದ ಪ್ರಶ್ನೆ. ಪೋಸ್ಟ್‌ಕ್ರಾಸಿಂಗ್ ಅಂತ ಒಂದು ವೆಬ್‌ಸೈಟ್ ಇದೆ, ಪೋರ್ಚುಗಲ್‌ನ ಪಾಉಲೊ ಮಗಲ್ಯಾಯಿಸ್ 2005ರ ಜುಲೈ 14ರಂದು ಶುರು ಮಾಡಿದ್ದು. ಯಾವುದೋ ದೇಶದ ಅಪರಿಚಿತರ ವಿಳಾಸ ಕೊಡುತ್ತದೆ, ನೀವು ಒಂದು ಕಾರ್ಡ್ ಹಾಕಿದರೆ ಮತ್ತೊಬ್ಬ ಅಪರಿಚಿತರಿಂದ ನಿಮಗೊಂದು ಬರುತ್ತದೆ. ಮಜಾ ಇದೆ, ಆದರೆ ಅದು ಕಾರ್ಡಿನ ಆಟ, ಅದರಲ್ಲಿ ಮಾತು ಬೆಳೆಯೋದು ಕಡಿಮೆ. ನನ್ನನ್ನು ಕೇಳಿದರೆ ಒಂದು ಸಲ ಭೇಟಿಯಾಗಿ ಮರೆತವರಿಗೆ ಬರೆಯಿರಿ: ಹಳೇ ಟೀಚರು, ರೈಲಿನಲ್ಲಿ ಸಿಕ್ಕವರು, ಬೇರೆ ಊರಿಗೆ ವರ್ಗವಾದ ಪಕ್ಕದ ಮನೆಯವರು. ಗುರುತಿಲ್ಲದವರಿಗೆ ಬರೆಯೋದಾದರೆ ಮನೆ ವಿಳಾಸ ಬೇಡ, ಅಂಗಡಿಯದೋ ಆಫೀಸಿನದೋ ಕೊಡಿ. ಹೆಣ್ಣುಮಕ್ಕಳಿಗಂತೂ ಒತ್ತಿ ಹೇಳುತ್ತೇನೆ.

ಬೇಗ ಶುರು ಮಾಡಿ ಅನ್ನೋದಕ್ಕೂ ಕಾರಣ ಇದೆ. ಡೆನ್ಮಾರ್ಕಿನ ಅಂಚೆ 1624ರಿಂದ ಪತ್ರ ಹಂಚುತ್ತಾ ಬಂದಿತ್ತು, 2025ರ ಡಿಸೆಂಬರ್ ಕೊನೆಗೆ ನಿಲ್ಲಿಸಿತು. ಅಲ್ಲಿ ಈಗ ಕಾಗದ ಒಯ್ಯೋದು ಖಾಸಗಿ ಕಂಪನಿ. ನಮ್ಮಲ್ಲಿ ಸದ್ಯಕ್ಕೆ ಸೈಕಲ್ ಬರುತ್ತಿದೆ.

ಅಕ್ಕೋರಿಂದ ಹೋದ ಸಲ ಬಂದ ಕಾಗದ ಇನ್ನೂ ಮೇಜಿನ ಮೇಲಿದೆ, ಉತ್ತರ ಅರ್ಧ ಆಗಿದೆ. ಆ ಪಿಂಚಣಿ ಅಜ್ಜನ ಹತ್ತಿರ ಈಗ ಒಟ್ಟು ಎಷ್ಟು ಜೆರಾಕ್ಸ್ ಕೂಡಿದವು ಅಂತ ಕೇಳಿದ್ದಾರೆ. ಈ ತಿಂಗಳು ಬರುವಾಗ ಎಣಿಸಿಕೊಂಡು ಬನ್ನಿ ಅಂತ ಅಜ್ಜನಿಗೆ ಹೇಳಿದ್ದೇನೆ. "ಯಾಕವ್ವಾ, ಯಾರ್ ಕೇಳ್ಲತ್ತಾರ, ಸರ್ಕಾರನಾ?" ಅಂದರು. ಹೂಂ ಅಜ್ಜಾ, ಶಿರಸಿ ಸರ್ಕಾರ ಅಂದೆ.