ಮದುವೆ ಫೋಟೋಗೆ ಟಿಟಿಎಲ್ ಫ್ಲ್ಯಾಶೋ, ಮ್ಯಾನುವಲ್ಲೋ?

ಶಿರಸಿ ಕಡೆಯ ಅಂಗಳದ ಮದುವೆಗಳಿಗೆ ಟಿಟಿಎಲ್ ಫ್ಲ್ಯಾಶ್ (ಲೆನ್ಸ್ ಮೂಲಕ ಬೆಳಕು ಅಳೆದು ಪವರ್ ತಾನೇ ಹೊಂದಿಸೋದು) ಬೇಕಾ, ಕಡಿಮೆ ದುಡ್ಡಿನ ಮ್ಯಾನುವಲ್ (ಪವರ್ ನಾವೇ ಇಡೋದು) ಸಾಕಾ ಅಂತ ಕೇಳಿದ್ದೀರಿ. ಟಿಟಿಎಲ್ಲೇ ತಗೊಳ್ಳಿ, ಅದರಲ್ಲಿ ಮ್ಯಾನುವಲ್ಲೂ ಇರುತ್ತೆ. ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದೋದೇ ಇರಲಿ.

ದಿಬ್ಬಣ ನಿಮ್ಮತ್ತಲೇ ನಡೆದು ಬರುತ್ತೆ. ನಾಲ್ಕು ಮೀಟರಿನಿಂದ ಎರಡಕ್ಕೆ ಬಂದರೆ ಮುಖದ ಮೇಲಿನ ಬೆಳಕು ನಾಲ್ಕು ಪಟ್ಟು. ಅಷ್ಟರಲ್ಲಿ ಪವರ್ ಇಳಿಸೋಕೆ ಬೆರಳು ಓಡಲ್ಲ. ಟಿಟಿಎಲ್ ಮೊದಲೊಂದು ಸಣ್ಣ ಮಿಂಚು ಬಿಟ್ಟು, ವಾಪಸ್ ಬಂದ ಬೆಳಕು ಅಳೆದು ತಾನೇ ಹೊಂದಿಸಿಕೊಳ್ಳುತ್ತೆ.

ಆದರೆ ಮೋಸವೂ ಹೋಗುತ್ತೆ. ನನ್ನ ಮೊದಲ ಮದುವೆ ಕೆಲಸದಲ್ಲಿ ಬಿಳಿ ಪಂಚೆ, ಬಿಳಿ ಶಲ್ಯದ ಭಟ್ಟರೇ ಫ್ರೇಮ್ ತುಂಬಿದ್ದರು; ಪಂಚೆ ಬೂದಿ ಬಣ್ಣ, ಮುಖ ಕಪ್ಪು. ಫ್ಲ್ಯಾಶಿಗೆ +1 (ಅಂದ್ರೆ ದುಪ್ಪಟ್ಟು ಬೆಳಕು) ಕೊಟ್ಟ ಮೇಲೆ ಸರಿಹೋಯ್ತು.

ಮಂಟಪದ ಗ್ರೂಪ್ ಫೋಟೋಗೆ ಮಾತ್ರ ಮ್ಯಾನುವಲ್ಲಿಗೆ ಬನ್ನಿ, ಅಲ್ಲಿ ದೂರ ಬದಲಾಗಲ್ಲ. ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ) 40 ಅಂದ್ರೆ ಫುಲ್ ಪವರಿನಲ್ಲಿ, ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ ಐಎಸ್‌ಒ 100ರಲ್ಲಿ 5 ಮೀಟರಿಗೆ ಅಪರ್ಚರ್ ಎಫ್8 (40÷5). ಐಎಸ್‌ಒ 400 ಮಾಡಿದರೆ ಕಾಲು ಪವರ್ ಸಾಕು, ಸೆಲ್ಲೂ ಊಟದ ಪಂಕ್ತಿವರೆಗೆ ಬಾಳುತ್ತೆ.

ಅಡಿಕೆ ಸೋಗೆ ಚಪ್ಪರಕ್ಕೆ ಬೌನ್ಸ್ (ಫ್ಲ್ಯಾಶ್ ಮೇಲಕ್ಕೆ ತಿರುಗಿಸಿ ಬೆಳಕು ಪುಟಿಸೋದು) ಮಾಡೋಕೆ ಹೋಗಬೇಡಿ ಮಾರಾಯ್ರೆ. ಸೋಗೆ ಬಹಳಷ್ಟು ಬೆಳಕು ನುಂಗಿ, ಉಳಿದದ್ದಕ್ಕೆ ಕಂದು ಬಣ್ಣ ಬಳಿದು ಕಳಿಸುತ್ತೆ.