ಎಸ್‌ಇಝೆಡ್ ಬಿಡಿ, ಕೂಟುಪುಳೆ ಸೇತುವೆ ಬರೆಯಿರಿ

ಪ್ರಿಯ ಬರಹಗಾರರೇ,

‘ಕೊಡಗಿಗೂ ಬೇಕು ವಿಶೇಷ ಆರ್ಥಿಕ ವಲಯ’ ಎಂಬ ನಿಮ್ಮ ಲೇಖನ ಎರಡು ಸಲ ಓದಿದೆ. ಕುಶಾಲನಗರದ ಹತ್ತಿರ ಅಂಥ ವಲಯ, ಅಂದರೆ ಎಸ್‌ಇಝೆಡ್ ಬರಲಿ, ಕೇರಳಕ್ಕೆ ಹೋಗುವ ಮಾಕುಟ್ಟ ರಸ್ತೆ ಅಗಲವಾಗಲಿ, ಆಗ ಗಡಿಯಾಚೆಗಿನ ವ್ಯಾಪಾರ ಬೆಳೆಯುತ್ತದೆ ಅಂತ ನಿಮ್ಮ ವಾದ. ಹೀಗೇ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಇದನ್ನು ಕೈಬಿಡಬೇಡಿ.

ನೀವು ಎರಡು ಗಡಿಗಳನ್ನು ಕಲಸಿಬಿಟ್ಟಿದ್ದೀರಿ. ಎಸ್‌ಇಝೆಡ್‌ನದು ಸುಂಕದ ಗಡಿ. 2005ರ ಕಾಯ್ದೆಯ ಪ್ರಕಾರ, ಆ ಬೇಲಿಯೊಳಗಿನ ಜಾಗ ಕಸ್ಟಮ್ಸ್ ಲೆಕ್ಕದಲ್ಲಿ ದೇಶದ ಹೊರಗಿದ್ದ ಹಾಗೆ. ಮಾಕುಟ್ಟದಲ್ಲಿ ಇರುವುದು ರಾಜ್ಯದ ಗಡಿ. ಅಲ್ಲಿ ಕಸ್ಟಮ್ಸ್ ಎಂಬುದೇ ಇಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ನಡುವಿನ ತೆರಿಗೆ ಚೆಕ್‌ಪೋಸ್ಟ್‌ಗಳೂ ಎದ್ದುಹೋದವು.

ಚೀನಾದ ಶೆನ್‌ಝೆನ್ ನಗರದ ಹೆಸರು ನಿಮ್ಮ ಲೇಖನದಲ್ಲಿ ನಾಲ್ಕು ಕಡೆ ಇದೆ. 1980ರಲ್ಲಿ ಅದು ವಿಶೇಷ ವಲಯವಾದಾಗ ಪಕ್ಕದಲ್ಲೇ ಹಾಂಗ್‌ಕಾಂಗ್ ಇತ್ತು. ಅದರ ಬಂದರು, ಅದರ ದುಡ್ಡು ಎರಡೂ ಕೈಗೆಟುಕುವಷ್ಟು ಹತ್ತಿರ. ನಮ್ಮ ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ. ಮಂಗಳೂರು ಬಂದರಿಗೆ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಆ ರಸ್ತೆ ಮುಚ್ಚಿಹೋಗಿದ್ದನ್ನು ನೀವೂ ಕಂಡವರು.

ಕಾಫಿಯ ಮಾತೂ ಅಷ್ಟೇ. ಕುಶಾಲನಗರದ ಪಕ್ಕದ ಕೂಡ್ಲೂರಿನಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳು ಎಸ್‌ಇಝೆಡ್ ಇಲ್ಲದೆಯೇ ಕೆಲಸ ಮಾಡುತ್ತಿವೆ. ಹಾಗಿದ್ದಾಗ 50 ಕೆ.ಜಿ. ಚೀಲದ ಲೆಕ್ಕದಲ್ಲಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮಾರುವ ಬೆಳೆಗಾರನಿಗೆ ಜಾಸ್ತಿ ಸಿಗುವುದೇನು? ಇಂಥ ವಲಯಕ್ಕೆ ಸಾಮಾನ್ಯವಾಗಿ ಕನಿಷ್ಠ 50 ಹೆಕ್ಟೇರ್ ಜಾಗ ಒಂದೇ ಕಡೆ ಬೇಕು, ಅಂದರೆ 120 ಎಕರೆಗೂ ಮೇಲೆ. ಅದು ಯಾರ ಗದ್ದೆ, ಯಾರ ತೋಟ? ಹತ್ತು ಪುಟದಲ್ಲಿ ಈ ಎರಡು ಪ್ರಶ್ನೆ ಎಲ್ಲೂ ಇಲ್ಲ.

ಐದನೇ ಪುಟದಲ್ಲಿ ಮಾತ್ರ ನಿಮ್ಮ ಮಾವ ಬರುತ್ತಾರೆ. ಮಾಕುಟ್ಟ ರಸ್ತೆ ಕೇರಳ ಸೇರುವಲ್ಲಿನ ಕೂಟುಪುಳೆಯ ಹಳೇ ಸೇತುವೆ. ಎದುರಿಂದ ಬಸ್ಸು ಬಂತೆಂದು ಅವರು ಲಾರಿ ಹಿಂದಕ್ಕೆ ತೆಗೆಯುತ್ತಾರೆ. ಕ್ಲೀನರ್ ಹುಡುಗ ಮಳೆಯಲ್ಲಿ ಇಳಿದು, ಬಾಡಿ ತಟ್ಟುತ್ತಾ, ‘ಬರ್ಲಿ, ಬರ್ಲಿ’ ಅನ್ನುತ್ತಾನೆ. ಓದುತ್ತಾ ನಾನೂ ಆ ಮಳೆಯಲ್ಲಿ ನಿಂತಿದ್ದೆ. ಮುಂದಿನ ಸಾಲಿಗೇ ‘ಮೂಲಸೌಕರ್ಯಗಳ ಸಮಗ್ರ ಅಭಿವೃದ್ಧಿ ಅತ್ಯಗತ್ಯ’ ಎಂದು ಬಂತು. ಮಾವ ಮತ್ತೆ ಕಾಣಲಿಲ್ಲ. ನನಗೆ ನಿಜವಾಗಿ ಬೇಸರವಾಯಿತು.

ಅಲ್ಲಿಂದಲೇ ಶುರು ಮಾಡಿ. ಜಾಗ ಯಾವ ರಾಜ್ಯದ್ದು ಎಂಬ ತಕರಾರಿಗೆ ಅಲ್ಲಿನ ಹೊಸ ಸೇತುವೆಯ ಕೆಲಸ ನಿಂತಿತ್ತು, 2022ರಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೂ ಮೊದಲು, 2020ರ ಲಾಕ್‌ಡೌನ್‌ನಲ್ಲಿ ಮಾಕುಟ್ಟ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದರು. ನಮ್ಮ ಗಡಿಯ ಕಥೆ ಇದೇ ಅಲ್ವಾ? ನೀವು ವಿರಾಜಪೇಟೆಯವರು, ಇದನ್ನು ಬರೆಯಲು ನಿಮಗಿಂತ ಹತ್ತಿರದವರು ನನಗೆ ಸಿಗುವುದಿಲ್ಲ.

ಒಂದು ಸಂಜೆ ಮಾವನ ಜೊತೆ ಕೂತು ಕೇಳಿ. ಮಣ್ಣು ಸುರಿದ ದಿನ ಲಾರಿಯಲ್ಲಿ ಏನು ಲೋಡಿತ್ತು? ಹೊಸ ಸೇತುವೆಯಾದ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ? ಕೇರಳದ ಇರಿಟ್ಟಿಯಿಂದ ವಾಪಸ್ ಖಾಲಿ ಬರುತ್ತಾರಾ, ಏನಾದರೂ ಹೇರಿಕೊಂಡು ಬರುತ್ತಾರಾ? ಅವರು ಹೇಳಿದ ಹಾಗೇ ಬರೆದು, ನಾಲ್ಕು ಪುಟ ಮೀರದಂತೆ ಕಳಿಸಿ.